ಕಾರಿನಲ್ಲಿ ಸುಟ್ಟ ವಾಸನೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳ ರಸ್ತೆಗಳಿಗೆ ತಮ್ಮದೇ ಆದ ಒಂದು ವಾಸನೆ ಬಂದುಬಿಡುತ್ತದೆ. ಒಂದೆಡೆ ಕಟಾವು ಮುಗಿದ ಹೊಲದಲ್ಲಿ ರವದಿಗೆ ಬೆಂಕಿ ಇಟ್ಟಿರುತ್ತಾರೆ. ಇನ್ನೊಂದೆಡೆ ಗಾಣದ ಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬರುತ್ತಿರುತ್ತದೆ. ಸಕ್ಕರೆ ಕಾರ್ಖಾನೆಯ ಸಮೀಪಕ್ಕೆ ಬಂದರೆ ಕಾಕಂಬಿಯ ಹುಳಿ ಬೆರೆತ ಸಿಹಿನಾತ. ಇವೆಲ್ಲಕ್ಕೂ ಮಿಗಿಲಾಗಿ, ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಏದುಸಿರು ಬಿಡುವ ಟ್ರ್ಯಾಕ್ಟರುಗಳ ಹೊಗೆ. ಇಂತಹ ರಸ್ತೆಯಲ್ಲಿ ಕಾರು ನಡೆಸುವವನಿಗೆ ತನ್ನ ಕಾರಿನಿಂದಲೇ ಸುಟ್ಟ ವಾಸನೆ ಬಂದರೆ ಅದು ಹೊಲದ್ದೆಂದು ತಿಳಿಯುವುದು ಸಹಜ. ಸಹಜವಾದ ಈ ತಪ್ಪುತಿಳಿವಿನಿಂದಲೇ ಅಪಾಯವೂ ಹುಟ್ಟುತ್ತದೆ. ಆದುದರಿಂದ ಕಾರಿನ ಸುಟ್ಟ ವಾಸನೆಯನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ, ಕನ್ನಡ ಪಾಠ ಹೇಳಿಕೊಂಡು ಬಂದವನು. ಆದರೆ ಈ ವಿಷಯದಲ್ಲಿ ಭಾಷೆಗೂ ಸ್ವಲ್ಪ ಕೆಲಸವಿದೆಯೆಂಬುದು ಮುಂದೆ ತಿಳಿದೀತು.

ಮೊದಲನೆಯದಾಗಿ ವಾಸನೆ ಹೊರಗಿನದೋ ಒಳಗಿನದೋ ಎಂಬುದನ್ನು ನಿರ್ಣಯಿಸಬೇಕು. ಕಿಟಕಿಗಳನ್ನೆಲ್ಲ ಏರಿಸಿ, ಹೊರಗಿನ ಗಾಳಿ ಒಳಬರದಂತೆ ತಡೆಯುವ ಗುಂಡಿಯನ್ನು ಒತ್ತಿ ಸ್ವಲ್ಪ ದೂರ ಸಾಗಿರಿ. ಹೊಲದ ಹೊಗೆಯಾದರೆ ಹೊಲ ದಾಟಿದಂತೆ ಕ್ಷೀಣಿಸುತ್ತದೆ. ಒಂದೆರಡು ಕಿಲೋಮೀಟರು ಕಳೆದರೂ ವಾಸನೆ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತಿದ್ದರೆ ಅದು ನಿಮ್ಮದೇ. ಆಗ ರಸ್ತೆಯ ಬದಿಗೆ ಸರಿದು, ಒಣಹುಲ್ಲು ಇಲ್ಲದ ಸ್ಥಳ ನೋಡಿ, ಎಂಜಿನ್ ಆರಿಸಿ, ಹೊರಗಿಳಿದು ಹತ್ತು ಹೆಜ್ಜೆ ದೂರ ಹೋಗಿ ಶುದ್ಧ ಗಾಳಿಯನ್ನು ಎರಡು ಬಾರಿ ಉಸಿರಾಡಿ ಮತ್ತೆ ಹತ್ತಿರ ಬನ್ನಿರಿ. ಇದು ವಿನೋದಕ್ಕೆ ಹೇಳಿದ ಮಾತಲ್ಲ. ಮೂಗಿಗೆ ಒಂದು ದೌರ್ಬಲ್ಯವಿದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಅದು ವಾಸನೆಯೇ ಅಲ್ಲವೆಂಬಂತೆ ಒಗ್ಗಿಕೊಳ್ಳುತ್ತದೆ. ಕರದಂಟು ಮಾಡುವ ಅಂಗಡಿಯ ಒಳಗೆ ಕುಳಿತವನಿಗೆ ತುಪ್ಪದಲ್ಲಿ ಅಂಟು ಕರಿಯುವ ಪರಿಮಳ ಗೊತ್ತಾಗುವುದಿಲ್ಲ, ಗೋಕಾಕದ ಬೀದಿಯಲ್ಲಿ ಹಾದುಹೋಗುವವನಿಗೆ ಗೊತ್ತಾಗುತ್ತದೆ. ಹಾಗೆಯೇ ಚಾಲಕನ ಮೂಗಿಗಿಂತ ಈಗತಾನೇ ಕಾರು ಹತ್ತಿದವರ ಮೂಗು ಹೆಚ್ಚು ವಿಶ್ವಾಸಾರ್ಹ.

ಈ ಮಾತಿಗೆ ಒಂದು ನಿದರ್ಶನ ಹೇಳುತ್ತೇನೆ. ನಮ್ಮ ಬೀಗರ ಪೈಕಿಯ ಒಂದು ಕುಟುಂಬ ಮದುವೆ ಮುಗಿಸಿಕೊಂಡು ರಾತ್ರಿ ಹುಕ್ಕೇರಿಯ ಕಡೆಯಿಂದ ಮೂಡಲಗಿಗೆ ಮರಳುತ್ತಿತ್ತು. ನಡುದಾರಿಯಲ್ಲಿ ಹತ್ತಿದ ಸೊಸೆ ಹಿಂದಿನ ಸೀಟಿನಿಂದ "ಮಾಮಾ, ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ" ಎಂದಳು. ಮುಂದೆ ಕುಳಿತ ಹಿರಿಯರು "ರವದಿ ಸುಡತಾರವ್ವಾ" ಎಂದು ಸಮಾಧಾನ ಹೇಳಿದರು. ಎರಡನೆಯ ಬಾರಿ ಹೇಳಿದಾಗಲೂ ಅದೇ ಉತ್ತರ. ಕೊನೆಗೆ ಮಗು ಕೆಮ್ಮತೊಡಗಿತೆಂದು ಗಾಡಿ ನಿಲ್ಲಿಸಿದರು. ನೋಡಿದರೆ ಡ್ಯಾಶ್‌ಬೋರ್ಡಿನ ಕೆಳಗೆ ತಂತಿಗಳ ಕಟ್ಟೊಂದು ಕರಗಿ ಒಂದಕ್ಕೊಂದು ಅಂಟಿಕೊಂಡು ಸಣ್ಣಗೆ ಹೊಗೆಯಾಡುತ್ತಿತ್ತು. ಇನ್ನು ಸ್ವಲ್ಪ ದೂರ ಸಾಗಿದ್ದರೆ ಆ ಕಾರಿನಲ್ಲಿದ್ದ ಆರು ಜನರ ಗತಿಯೇನೆಂಬುದನ್ನು ಊಹಿಸುವುದು ಬೇಡ. ಹಿಂದೆ ಕುಳಿತವರು, ಅದರಲ್ಲೂ ಹೆಂಗಸರು ಮಕ್ಕಳು, ವಾಸನೆಯ ಮಾತೆತ್ತಿದರೆ ಚರ್ಚೆಗೆ ನಿಲ್ಲದೆ ಗಾಡಿ ನಿಲ್ಲಿಸುವುದು ಲೇಸು.

ವಾಸನೆ ಎಂಬುದು ವಸ್ತುವಿನ ಸೂಕ್ಷ್ಮ ಕಣವೇ ಹಾರಿ ನಮ್ಮ ಮೂಗನ್ನು ಮುಟ್ಟುವ ವ್ಯಾಪಾರ. ನಮ್ಮ ತಾರ್ಕಿಕರು ಗಂಧವನ್ನು ಪೃಥ್ವಿಯ ಗುಣವೆಂದು ಗಣಿಸಿದರು. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ತಲೆತಲಾಂತರದಿಂದ ಪಾಠ ಹೇಳಿಕೊಂಡು ಬಂದರು. ಕಾರಿನ ವಿಷಯದಲ್ಲಿ ಹೊಗೆಗಿಂತ ಮುಂಚಿನ ಲಿಂಗ ವಾಸನೆ. ವಸ್ತು ಕಾದು, ಬೆಂದು, ಹೊಗೆಯಾಡಿ, ಆಮೇಲೆ ಉರಿಯುತ್ತದೆ. ಕಾಯುವ ಹಂತದಲ್ಲಿಯೇ ಮೂಗು ಎಚ್ಚರಿಸುತ್ತದೆ. ಒಂದೊಂದು ವಸ್ತುವೂ ಒಂದೊಂದು ಬಗೆಯಾಗಿ ನಾರುವುದರಿಂದ ಎಚ್ಚರಿಕೆಯ ಜೊತೆಗೆ ವಿಳಾಸವನ್ನೂ ಕೊಡುತ್ತದೆ.

ತೊಂದರೆಯಿರುವುದು ನಮ್ಮ ಮಾತಿನಲ್ಲಿ. ಗೋಕಾಕದ ವೃದ್ಧ ಮಿಸ್ತ್ರಿಯೊಬ್ಬರು ನನಗೆ ಒಮ್ಮೆ ಹೇಳಿದರು: "ಸರ, ಸುಟ್ಟ ವಾಸನಿ ಅಂದ್ರ ನನಗ ಏನೂ ತಿಳಿಯೂದಿಲ್ರಿ. ಏನ ಸುಟ್ಟಂಗ ಅನ್ನೂದು ಹೇಳ್ರಿ." ಎಂತಹ ಒಳ್ಳೆಯ ಪ್ರಶ್ನೆ! ನಮ್ಮ ಅಡುಗೆಮನೆಯಲ್ಲಿ ಈ ವಿವೇಕ ಎಂದಿನಿಂದಲೂ ಇದೆ. ಹಾಲು ಸೀದರೆ ಒಂದು, ಅನ್ನ ತಳ ಹಿಡಿದರೆ ಇನ್ನೊಂದು, ಎಣ್ಣೆ ಕಮರಿದರೆ ಮತ್ತೊಂದು, ಮೆಣಸಿನಕಾಯಿ ಬಾಣಲೆಗೆ ಬಿದ್ದರೆ ಘಾಟು, ಬಟ್ಟೆಗೆ ಕಿಡಿ ತಾಗಿದರೆ ಕಮಟು. ಗೃಹಿಣಿ ಪಡಸಾಲೆಯಲ್ಲಿ ಕುಳಿತೇ ಒಲೆಯ ಮೇಲೆ ಏನಾಯಿತೆಂದು ಹೇಳಬಲ್ಲಳು. ಇಷ್ಟು ಸಂಪನ್ನವಾದ ಪದಕೋಶವನ್ನು ಇಟ್ಟುಕೊಂಡು ಗ್ಯಾರೇಜಿಗೆ ಹೋದಾಗ ಮಾತ್ರ 'ಸುಟ್ಟ ವಾಸನೆ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಇನ್ನು ಮುಂದೆ ನಾನು ಒಂದೊಂದು ವಾಸನೆಗೂ ಮನೆಯ ಹೋಲಿಕೆಯನ್ನೇ ಕೊಡಲು ಪ್ರಯತ್ನಿಸುತ್ತೇನೆ.

ನಮ್ಮ ಭಾಗದಲ್ಲಿ ಅತ್ಯಂತ ಸಾಮಾನ್ಯವಾದುದು ಕ್ಲಚ್ಚಿನ ವಾಸನೆ. ಸುಟ್ಟ ಕಾಗದ, ಸುಟ್ಟ ಗೋಣಿಚೀಲ ಇವೆರಡೂ ಬೆರೆತ ಕಟುವಾದ ಕಮಟು ಅದು. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಒಂದು ತಟ್ಟೆಯಿದೆ. ಎಂಜಿನ್ನಿನ ಭಾರವಾದ ಚಕ್ರಕ್ಕೂ ಒತ್ತುವ ಫಲಕಕ್ಕೂ ಮಧ್ಯದಲ್ಲಿ ಅದು ಸಿಕ್ಕಿಕೊಂಡಿರುತ್ತದೆ. ಪೆಡಲನ್ನು ಪೂರ್ತಿ ಬಿಟ್ಟಾಗ ಮೂರೂ ಒಂದಾಗಿ ತಿರುಗುತ್ತವೆ, ಉಜ್ಜಾಟವಿಲ್ಲ. ಪೂರ್ತಿ ತುಳಿದಾಗ ಬೇರೆಯಾಗುತ್ತವೆ, ಆಗಲೂ ಉಜ್ಜಾಟವಿಲ್ಲ. ಅರ್ಧ ತುಳಿದಾಗ ಮಾತ್ರ ಒಂದು ವೇಗವಾಗಿ, ಒಂದು ನಿಧಾನವಾಗಿ ತಿರುಗುತ್ತ ಒಂದನ್ನೊಂದು ಉಜ್ಜುತ್ತವೆ. ಎರಡು ಅಂಗೈಗಳನ್ನು ಒತ್ತಿ ತಿಕ್ಕಿದರೆ ಬಿಸಿಯಾಗುವುದಿಲ್ಲವೆ? ಅಲ್ಲಿ ಅದೇ ವ್ಯಾಪಾರ ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗದಲ್ಲಿ ನಡೆಯುತ್ತದೆ. ತಟ್ಟೆಯ ಮೇಲಿನ ಹೊದಿಕೆಯನ್ನು ಬಿಗಿದಿರುವ ರಾಳ ಬೇಯತೊಡಗುತ್ತದೆ.

ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡ ಕಾರಿನ ಸ್ಥಿತಿಯನ್ನು ಕಣ್ಣಿಗೆ ತಂದುಕೊಳ್ಳಿರಿ. ಹತ್ತು ಮಾರು ಮುಂದೆ, ಐದು ನಿಮಿಷ ನಿಲುಗಡೆ, ಮತ್ತೆ ಹತ್ತು ಮಾರು. ಗೋಕಾಕ ಜಲಪಾತದ ಕಡೆಯ ಏರುದಾರಿಯಲ್ಲಿ ಹೀಗಾದರೆ ಇನ್ನೂ ಕಷ್ಟ. ಅನೇಕರು ಬ್ರೇಕು ಹಾಕುವುದನ್ನು ಬಿಟ್ಟು, ಕ್ಲಚ್ಚನ್ನು ಅರ್ಧ ತುಳಿದು ವೇಗವರ್ಧಕವನ್ನು ಒತ್ತಿ, ಗಾಡಿ ಹಿಂದಕ್ಕೆ ಹೋಗದಂತೆ ಹಿಡಿದಿಡುತ್ತಾರೆ. ಇದೊಂದು ಚಾತುರ್ಯವೆಂದೂ ಭಾವಿಸುತ್ತಾರೆ. ಈ ಚಾತುರ್ಯದ ಬೆಲೆ ಒಂದು ಕ್ಲಚ್ ಪ್ಲೇಟು. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕು ಎಳೆದು, ಗೇರನ್ನು ತಟಸ್ಥಕ್ಕೆ ತಂದು, ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯಬೇಕು. ಮುಂದಿನ ಟ್ರ್ಯಾಕ್ಟರು ನಾಲ್ಕು ಮಾರು ಹೋಗುವವರೆಗೆ ಕಾದು ಒಂದೇ ಬಾರಿಗೆ ಹೋಗಬೇಕು, ಅಂಗುಲ ಅಂಗುಲವಾಗಿ ತೆವಳಬಾರದು. ಮೂಡಲಗಿ ಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಚಕ್ರ ಹೂತಾಗಲೂ ಇದೇ ಆಗುತ್ತದೆ. ಗರಗರ ತಿರುಗಿಸುವುದರಿಂದ ಚಕ್ರ ಇನ್ನಷ್ಟು ಹೂಳುತ್ತದೆ, ಕ್ಲಚ್ಚು ಬೇಯುತ್ತದೆ. ನಾಲ್ಕು ಜನರನ್ನು ಕರೆದು ತಳ್ಳಿಸುವುದರಲ್ಲಿ ಅವಮಾನವೇನೂ ಇಲ್ಲ.

ಕ್ಲಚ್ಚಿನ ವಾಸನೆ ಒಂದು ಬಾರಿ ಬಂದು ಹೋದರೆ ಭಯಪಡಬೇಕಾಗಿಲ್ಲ. ಇಪ್ಪತ್ತು ಮೂವತ್ತು ನಿಮಿಷ ನಿಲ್ಲಿಸಿ ತಣಿಯಗೊಟ್ಟರೆ ಸಾಕು. ಪದೇ ಪದೇ ಬಂದರೆ ಒಂದು ಪರೀಕ್ಷೆ ಮಾಡಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಹೋಗುತ್ತ ವೇಗವರ್ಧಕವನ್ನು ಗಟ್ಟಿಯಾಗಿ ಒತ್ತಿರಿ. ಎಂಜಿನ್ನಿನ ಸದ್ದು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ಅರ್ಥ. ಕೇಬಲಿನಿಂದ ನಡೆಯುವ ಕ್ಲಚ್ಚಾದರೆ ಕೆಲವೊಮ್ಮೆ ಪೆಡಲಿನ ಸಡಿಲಿಕೆಯನ್ನು ಸರಿಪಡಿಸುವುದರಿಂದಲೇ ಗುಣವಾಗುತ್ತದೆ. ಇಲ್ಲದಿದ್ದರೆ ಪ್ಲೇಟು ಬದಲಿಸಲೇಬೇಕು. ಗಾಡಿ ನಡೆಸುವಾಗ ಎಡಗಾಲನ್ನು ಸದಾ ಪೆಡಲಿನ ಮೇಲೆ ಇಡುವ ಅಭ್ಯಾಸವುಳ್ಳವರಿಗೆ ಹೊಸ ಪ್ಲೇಟೂ ಬಹಳ ಕಾಲ ಬಾಳುವುದಿಲ್ಲ.

ಬ್ರೇಕಿನ ವಾಸನೆ ಕ್ಲಚ್ಚಿನದಕ್ಕೆ ಸೋದರಸಂಬಂಧಿ. ಎರಡರಲ್ಲಿಯೂ ಉಜ್ಜಾಟದ ಹೊದಿಕೆಯೇ ಬೇಯುವುದರಿಂದ ಮೂಗೊಂದರಿಂದಲೇ ಬೇರ್ಪಡಿಸುವುದು ಕಷ್ಟ. ಆದರೆ ಸ್ಥಳ ಬೇರೆ. ಕ್ಲಚ್ಚಿನದು ಮುಂಭಾಗದಿಂದ ಬರುತ್ತದೆ, ಬ್ರೇಕಿನದು ಚಕ್ರದ ಬಳಿಯಿಂದ. ಗಾಡಿ ನಿಲ್ಲಿಸಿ ನಾಲ್ಕೂ ಚಕ್ರಗಳ ಸಮೀಪಕ್ಕೆ, ಮುಟ್ಟದೆ, ಅಂಗೈಯ ಹಿಂಭಾಗವನ್ನು ಒಡ್ಡಿರಿ. ಮೂರು ಒಂದೇ ಬಗೆಯಾಗಿದ್ದು ಒಂದು ಮಾತ್ರ ಒಲೆಯಂತೆ ಕಾದಿದ್ದರೆ ಆ ಚಕ್ರದ ಬ್ರೇಕು ಹಿಡಿದುಕೊಂಡಿದೆ. ಹಿಂದಿನ ಎರಡೂ ಕಾದಿದ್ದರೆ ಮೊದಲು ಹ್ಯಾಂಡ್‌ಬ್ರೇಕನ್ನು ನೋಡಿರಿ. ಅರ್ಧ ಇಳಿಸಿ ಮರೆತು ಹೊರಟುಬಿಡುವುದು ಎಷ್ಟೋ ಮನೆಗಳ ಕಥೆ. ಬಹುದಿನ ಮಳೆಯಲ್ಲಿ ನಿಂತ ಗಾಡಿಯಲ್ಲಿ ತುಕ್ಕು ಹಿಡಿದು ಪ್ಯಾಡು ಹಿಂದೆ ಸರಿಯದಿರುವುದೂ ಉಂಟು. ಅದನ್ನು ಬಿಚ್ಚಿ ಸ್ವಚ್ಛಗೊಳಿಸಿದರೆ ಸರಿಹೋಗುತ್ತದೆ.

ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮಾರ್ಗವಾಗಿ ಆಂಬೋಲಿ ಘಟ್ಟ ಇಳಿದು ಸಾವಂತವಾಡಿಗೂ ಗೋವಾಕ್ಕೂ ಹೋಗುವವರು ನಮ್ಮಲ್ಲಿ ಬಹಳ. ಆ ಇಳಿಜಾರಿನಲ್ಲಿ ಬ್ರೇಕಿನ ವಾಸನೆ ಬಂದರೆ ಅದು ಬರಿಯ ವಾಸನೆಯಲ್ಲ. ಬ್ರೇಕಿನ ಬಲ ಕುಗ್ಗುತ್ತಿದೆಯೆಂಬ ಸೂಚನೆ ಅದು. ಪ್ಯಾಡು ಅತಿಯಾಗಿ ಕಾದರೆ ಹಿಡಿತ ತಪ್ಪುತ್ತದೆ. ಇದಕ್ಕಿಂತ ಕೇಡೆಂದರೆ ಬ್ರೇಕಿನ ಎಣ್ಣೆ ಕುದಿಯುವುದು. ಈ ಎಣ್ಣೆಗೆ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವವಿದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ ಮಾತ್ರ. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ, ಪೆಡಲು ಹತ್ತಿಯ ದಿಂಬಿನಂತೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆ ಬದಲಿಸಬೇಕೆಂದು ಹೇಳುವುದು ಗ್ಯಾರೇಜಿನವರ ಲಾಭಕ್ಕಲ್ಲ. ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಲಾರಿ ಚಾಲಕರ ಹಳೆಯ ಮಾತು ಇಂದಿಗೂ ಸತ್ಯ. ವಾಸನೆ ಬಂದಾಗ ಅಗಲವಾದ ಜಾಗ ನೋಡಿ ಅರ್ಧ ಗಂಟೆ ನಿಲ್ಲಿರಿ. ಕಾದ ಚಕ್ರದ ಮೇಲೆ ನೀರು ಎರಚಬೇಡಿರಿ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಸೊಟ್ಟಗಾಗಬಹುದು.

ಬಾಣಲೆಯಲ್ಲಿ ಎಣ್ಣೆ ಕಾದು ಹೊಗೆಯಾಡಿದಂತಹ ಕಮರು ವಾಸನೆ ಎಂಜಿನ್ ಆಯಿಲ್ಲಿನದು. ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗು ಹಳೆಯದಾಗಿ ಒಣಗಿದಾಗ ಎಣ್ಣೆ ಜಿನುಗಿ, ಕೆಳಗಿರುವ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕುತ್ತದೆ. ದೂರ ಪ್ರಯಾಣ ಮಾಡಿ ಗಾಡಿ ನಿಲ್ಲಿಸಿದೊಡನೆ ಈ ವಾಸನೆ ಹೆಚ್ಚು, ಏಕೆಂದರೆ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ದುಬಿಡುತ್ತದೆ. ಸರ್ವಿಸ್ ಮಾಡಿಸಿದ ಮರುದಿನ ಬಂದರೆ ಆಯಿಲ್ ತುಂಬುವಾಗ ಚೆಲ್ಲಿದ್ದು ಸುಡುತ್ತಿರಬಹುದು, ಅದು ಒಂದೆರಡು ದಿನಗಳಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿರಿ. ಓದಿ ಮುಗಿಸಿದ ಯಾವ ಪತ್ರಿಕೆಯಾದರೂ ಸರಿ. ಬೆಳಿಗ್ಗೆ ಅದರ ಮೇಲಿನ ಕಲೆಯನ್ನು ನೋಡಿದರೆ ಅರ್ಧ ರೋಗನಿದಾನ ಆದಂತೆಯೇ. ಕಪ್ಪು ಅಥವಾ ಕಂದು ಜಿಡ್ಡು ಎಂಜಿನ್ನಿನದು. ಕೆಂಪು ಜಿಡ್ಡಾದರೆ ಸ್ಟೀರಿಂಗಿನದೋ ಸ್ವಯಂಚಾಲಿತ ಗೇರಿನದೋ ಆಗಿರಬಹುದು. ಹಸಿರು ಇಲ್ಲವೆ ಗುಲಾಬಿ ಬಣ್ಣದ, ಬೆರಳಿಗೆ ಜಾರುವ ನೀರು ಕೂಲಂಟು. ಬಣ್ಣವಿಲ್ಲದ ಬರಿಯ ನೀರಾದರೆ ಚಿಂತೆ ಬೇಡ, ಅದು ಹವಾನಿಯಂತ್ರಣದ ಬೆವರು.

ಕೂಲಂಟಿನ ಮಾತು ಬಂದಾಗ ನಮ್ಮ ಪ್ರದೇಶಕ್ಕೇ ವಿಶಿಷ್ಟವಾದ ಒಂದು ಮೋಸವನ್ನು ಹೇಳಲೇಬೇಕು. ರೇಡಿಯೇಟರಿನಲ್ಲಿ ನೀರಿನೊಡನೆ ಬೆರೆಸುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಕಾದಾಗ ಸಿಹಿಯಾಗಿ ನಾರುತ್ತದೆ, ಪಾಕ ಹತ್ತಿದಂತೆ. ಬೇರೆ ಕಡೆ ಈ ವಾಸನೆ ಬಂದರೆ ಚಾಲಕ ಬೆಚ್ಚಿಬೀಳುತ್ತಾನೆ. ಇಲ್ಲಿ ಮಾತ್ರ "ಎಲ್ಲೋ ಗಾಣ ನಡೆದಿದೆ, ಬೆಲ್ಲದ ವಾಸನೆ" ಎಂದು ಸಂತೋಷಪಡುತ್ತಾನೆ! ಸಿಹಿ ವಾಸನೆ ಬಂದು ಗಾಣ ಕಣ್ಣಿಗೆ ಕಾಣದಿದ್ದರೆ ತಕ್ಷಣ ಉಷ್ಣತೆಯ ಮುಳ್ಳನ್ನೋ ಎಚ್ಚರಿಕೆಯ ದೀಪವನ್ನೋ ನೋಡಬೇಕು. ಮುಳ್ಳು ಏರಿದ್ದರೆ ಗಾಡಿ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ಎಂದಿಗೂ ತೆರೆಯಬಾರದು. ಒಳಗೆ ಸುಮಾರು ಒಂದು ವಾಯುಭಾರದಷ್ಟು ಹೆಚ್ಚುವರಿ ಒತ್ತಡವಿರುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯದೆ 120ರ ಸಮೀಪದವರೆಗೆ ತಡೆಯುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು, ತಡೆದಿದ್ದ ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಗೆ ಮುಖ ಸುಟ್ಟುಕೊಂಡವರು ಪ್ರತಿ ಬೇಸಗೆಯಲ್ಲಿಯೂ ಇದ್ದಾರೆ. ಒಂದು ಗಂಟೆ ತಣಿಯಲಿ. ಆಮೇಲೆ ಹರಿದ ಹೋಸ್ ಪೈಪು, ಸಡಿಲವಾದ ಕ್ಲಿಪ್ಪು, ತೂತಾದ ರೇಡಿಯೇಟರು ಇವುಗಳನ್ನು ನೋಡಬಹುದು. ನೆಲಕ್ಕೆ ಚೆಲ್ಲಿದ ಈ ದ್ರವವನ್ನು ಹಾಗೆಯೇ ಬಿಡಬಾರದು. ರುಚಿಗೂ ಸಿಹಿಯಾದ ಇದು ಘೋರ ವಿಷ. ಅಂಗಳದ ನಾಯಿ ನೆಕ್ಕಬಹುದು, ಆಡುವ ಮಗು ಬೆರಳದ್ದಬಹುದು.

ಇನ್ನು ಎಲ್ಲಕ್ಕಿಂತ ಭಯಂಕರವಾದುದು ತಂತಿಯ ವಾಸನೆ. ಪ್ಲಾಸ್ಟಿಕ್ ಚೀಲ ಒಲೆಗೆ ಬಿದ್ದಂತಹ ಘಾಟು, ಮೂಗಿನ ಜೊತೆಗೆ ಕಣ್ಣೂ ಗಂಟಲೂ ಉರಿಯುತ್ತವೆ. ತಂತಿಯ ಹೊದಿಕೆ ಹೆಚ್ಚಾಗಿ ಪಿ.ವಿ.ಸಿ. ಎಂಬ ವಸ್ತುವಿನದು. ಅದು ಬೆಂದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಹೊರಬೀಳುತ್ತದೆ. ಕ್ಲಚ್ಚಿನ ವಾಸನೆ ಬಂದಾಗ ಮನೆಯವರೆಗೆ ಹೋಗಿ ನೋಡೋಣವೆನ್ನಬಹುದು. ತಂತಿಯ ವಾಸನೆ ಬಂದಾಗ ಮುಂದಿನ ಊರಿನವರೆಗೂ ಹೋಗಬಾರದು.

ತಂತಿ ಏಕೆ ಕಾಯುತ್ತದೆ? ಬಹುಮಟ್ಟಿಗೆ ನಮ್ಮ ಆಡಂಬರದಿಂದ. ತಯಾರಕರು ಕೊಟ್ಟ ಹಾಲೊಜೆನ್ ಬಲ್ಬು ದೂರದ ಬೆಳಕಿಗೆ ಸಾಮಾನ್ಯವಾಗಿ 60 ವ್ಯಾಟಿನದು. ಇಂತಹ ಎರಡು ಬಲ್ಬುಗಳಿಗೆ 12 ವೋಲ್ಟಿನ ಬ್ಯಾಟರಿಯಿಂದ 10 ಆಂಪಿಯರ್ ವಿದ್ಯುತ್ತು ಹರಿಯುತ್ತದೆ. ರಾತ್ರಿ ಹಗಲಾಗಬೇಕೆಂಬ ಆಸೆಯಿಂದ 100 ವ್ಯಾಟಿನ ಬಲ್ಬುಗಳನ್ನು ಹಾಕಿಸಿದರೆ 16 ಆಂಪಿಯರಿಗೂ ಮಿಕ್ಕಿ ಹರಿಯುತ್ತದೆ. ತಂತಿ ಮಾತ್ರ ಅದೇ ಹಳೆಯದು. ಜೌಲ್ ಎಂಬ ವಿಜ್ಞಾನಿ 1840ರ ದಶಕದಲ್ಲಿಯೇ ತೋರಿಸಿಕೊಟ್ಟಂತೆ ತಂತಿಯಲ್ಲಿ ಹುಟ್ಟುವ ಕಾವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ಬೆಳಕು ಒಂದೂಮುಕ್ಕಾಲು ಪಟ್ಟೂ ಆಗದಿರುವಾಗ ತಂತಿಯ ಕಾವು ಸುಮಾರು ಎರಡೂಮುಕ್ಕಾಲು ಪಟ್ಟು ಆಗುತ್ತದೆ. ಇದರ ಮೇಲೆ ಗಟ್ಟಿ ಹಾರ್ನು, ದೊಡ್ಡ ಸ್ಪೀಕರು, ಕೆಳಗೊಂದು ನೀಲಿ ದೀಪ. ಇವಕ್ಕೆಲ್ಲ ಇದ್ದ ತಂತಿಯನ್ನೇ ಕೊಯ್ದು, ತಿರುಚಿ, ಅಂಟುಪಟ್ಟಿ ಸುತ್ತಿಬಿಡುತ್ತಾರೆ. ಹೆಚ್ಚಿನ ದೀಪ ಬೇಕೇ ಬೇಕೆನ್ನುವವರು ಬ್ಯಾಟರಿಯಿಂದಲೇ ಪ್ರತ್ಯೇಕವಾಗಿ ದಪ್ಪ ತಂತಿ ಎಳೆಸಿ, ರಿಲೇ ಮತ್ತು ಫ್ಯೂಸು ಇಡಿಸಿಕೊಳ್ಳಬೇಕು.

ಫ್ಯೂಸಿನ ಬಗ್ಗೆಯೂ ಒಂದು ಮಾತು. ಹುಕ್ಕೇರಿ ತಾಲೂಕಿನಲ್ಲಿ ಊರೂರಿಗೆ ವಿದ್ಯುತ್ತನ್ನು ಹಂಚಿದುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಜನರೇ ಕಟ್ಟಿಕೊಂಡ ಇಂತಹ ಸಂಸ್ಥೆ ಅಪರೂಪದ್ದು. ಹೀಗೆ ವಿದ್ಯುತ್ತನ್ನು ತಮ್ಮದಾಗಿ ಮಾಡಿಕೊಂಡ ನಮ್ಮ ಜನ ಫ್ಯೂಸನ್ನು ಮಾತ್ರ ಶತ್ರುವೆಂದೇ ಬಗೆದರು. ಮನೆಯಲ್ಲಿ ಹಾರಿದರೆ ದಪ್ಪ ತಂತಿ ಸುತ್ತಿದರು, ಕಾರಿನಲ್ಲಿ ಹಾರಿದರೆ ಬೆಳ್ಳಿಕಾಗದ ತುರುಕಿದರು. ಫ್ಯೂಸು ಹಾರುವುದು ತಾನು ಸತ್ತು ತಂತಿಯನ್ನು ಉಳಿಸಲಿಕ್ಕೆ. ಕಾರಿನ ಫ್ಯೂಸುಗಳಿಗೆ ಬಣ್ಣದ ಗುರುತಿದೆ: 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ. ಕೆಂಪು ಇದ್ದಲ್ಲಿ ಕೆಂಪನ್ನೇ ಹಾಕಬೇಕು. ಎರಡನೆಯ ಬಾರಿಯೂ ಹಾರಿದರೆ ಮೂರನೆಯದನ್ನು ಹಾಕದೆ ತಂತಿಯ ಮಿಸ್ತ್ರಿಯ ಬಳಿಗೆ ಹೋಗಬೇಕು.

ಆಡಂಬರವೇನೂ ಇಲ್ಲದವರ ಕಾರಿನಲ್ಲಿಯೂ ತಂತಿ ಸುಡುವುದುಂಟು. ಅದಕ್ಕೆ ಕಾರಣ ಇಲಿ. ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಮನೆಯಿದ್ದವರಿಗೆ ಇದರ ವರ್ಣನೆ ಬೇಕಾಗಿಲ್ಲ. ಚಳಿಗಾಲದ ರಾತ್ರಿ ಎಂಜಿನ್ನಿನ ಕಾವಿಗೆ ಬಂದು ಸೇರುತ್ತದೆ. ತಂತಿಯ ಹೊದಿಕೆಯನ್ನು ಕಡಿಯುವುದರ ಜೊತೆಗೆ ಚಿಂದಿ, ಹುಲ್ಲು, ರವದಿ ತಂದು ಗೂಡು ಕಟ್ಟುತ್ತದೆ. ಬೆತ್ತಲೆಯಾದ ತಂತಿ ಒಂದೆಡೆ, ಒಣಗಿದ ಗೂಡು ಪಕ್ಕದಲ್ಲಿ! ಒಂದು ವಾರ ನಿಂತ ಗಾಡಿಯನ್ನು ತೆಗೆಯುವ ಮುನ್ನ ಬಾನೆಟ್ ಎತ್ತಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ತಂತಿಯ ವಾಸನೆ ಬಂದೊಡನೆ ಗಾಡಿ ನಿಲ್ಲಿಸಿ, ಕೀಲಿ ತಿರುವಿ ಎಲ್ಲವನ್ನೂ ಆರಿಸಿ, ಜನರನ್ನು ಇಳಿಸಬೇಕು. ಹೊಗೆ ಕಾಣದಿದ್ದರೆ ಮಾತ್ರ ಬ್ಯಾಟರಿಯ ತಂತಿಯನ್ನು ಬಿಚ್ಚಬಹುದು. ಮೊದಲು ಋಣ ಗುರುತಿನದನ್ನೇ ಬಿಚ್ಚಬೇಕು. ಏಕೆಂದರೆ ಗಾಡಿಯ ಮೈಯೆಲ್ಲ ಋಣಕ್ಕೆ ಸೇರಿರುತ್ತದೆ. ಧನದ ಕಡೆ ಮೊದಲು ಕೈಹಾಕಿದರೆ ಪಾನಾ ಜಾರಿ ಮೈಗೆ ತಾಗಿದೊಡನೆ ಕಿಡಿ ಹಾರುತ್ತದೆ.

ನಮ್ಮ ರಸ್ತೆಗಳಲ್ಲಿ ಇನ್ನೊಂದು ಕಾರಣ ನೆಲದಿಂದಲೇ ಏಳುತ್ತದೆ. ಸುಗ್ಗಿಯಲ್ಲಿ ಕಡಲೆ, ಸೋಯಾ, ಹುರುಳಿಯ ಗಿಡಗಳನ್ನು ಡಾಂಬರಿನ ಮೇಲೆ ಹರಡಿ, ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ಪದ್ಧತಿ. ಕಣ ಮಾಡುವ ಶ್ರಮ ರೈತನಿಗೆ ಉಳಿಯಿತೇನೋ ನಿಜ. ಆದರೆ ಒಣ ಬಳ್ಳಿ ಕಾರಿನ ತಳಕ್ಕೆ, ತಿರುಗುವ ದಂಡಕ್ಕೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಾಗಿ ಹೊತ್ತಿಕೊಂಡು ಇಡೀ ಕಾರುಗಳು ಬೂದಿಯಾದ ಸುದ್ದಿಗಳು ಕರ್ನಾಟಕದ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿವೆ. ಇದರ ವಾಸನೆ ಹುಲ್ಲು ಸುಟ್ಟಂತೆಯೇ ಇರುವುದರಿಂದ ಮೇಲೆ ಹೇಳಿದ ಮೋಸ ಇಲ್ಲಿಯೂ ಇದೆ. ಅಂತಹ ಹಾಸನ್ನು ದಾಟಲೇಬೇಕಾದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ತಳವನ್ನು ನೋಡಿ, ಸಿಕ್ಕಿಕೊಂಡುದನ್ನು ಕೋಲಿನಿಂದ ಎಳೆದು ಹಾಕಬೇಕು. ರವದಿಯ ಮೇಲೆ ಗಾಡಿ ನಿಲ್ಲಿಸುವುದೂ ಇಷ್ಟೇ ಅಪಾಯದ್ದು. ಕಾಗದ ಹೊತ್ತಿಕೊಳ್ಳಲು 230 ಡಿಗ್ರಿಯ ಆಸುಪಾಸಿನ ಕಾವು ಸಾಕು. ಹೊಗೆಯನ್ನು ಶುದ್ಧಗೊಳಿಸುವ ಪರಿವರ್ತಕದ ಒಳಗಿನ ಕಾವು 400 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಸೋಸುಕವೊಂದಿದೆ. ಅದು ಆಗಾಗ ತನ್ನಲ್ಲಿ ಕೂಡಿದ ಮಸಿಯನ್ನು 600 ಡಿಗ್ರಿಯ ಸುಮಾರಿನ ಕಾವಿನಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಆಗ ಬಿಸಿಲೋಹದ ವಾಸನೆ ಬಂದರೆ ಅದು ರೋಗವಲ್ಲ. ಆದರೆ ಆ ಸಮಯದಲ್ಲಿ ಗಾಡಿಯ ಕೆಳಗೆ ಒಣಹುಲ್ಲು ಇರಕೂಡದು.

ಉಳಿದವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಸುಟ್ಟ ರಬ್ಬರಿನ ವಾಸನೆಯ ಜೊತೆಗೆ ಕಿರ್ರೆಂಬ ಸದ್ದು ಬಂದರೆ ಬೆಲ್ಟು ಜಾರುತ್ತಿದೆ. ಬಿಗಿಗೊಳಿಸಬೇಕು, ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಕೊಳೆತ ಮೊಟ್ಟೆಯ ನಾತ ಬಂದರೆ ಬ್ಯಾಟರಿ ಮಿತಿಮೀರಿ ತುಂಬುತ್ತಿರಬಹುದು, ಇಲ್ಲವೆ ಪರಿವರ್ತಕ ಕೆಟ್ಟಿರಬಹುದು. ಗ್ಯಾಸಿನಿಂದ ಓಡುವ ಕಾರಿನಲ್ಲಿ ದುರ್ನಾತ ಬಂದರೆ ಅದು ಸೋರಿಕೆ. ವಾಸನೆಯಿಲ್ಲದ ಅನಿಲಕ್ಕೆ ಮೂಗಿಗೆ ತಿಳಿಯಲೆಂದೇ ಆ ನಾತವನ್ನು ಬೆರೆಸಿರುತ್ತಾರೆ. ಪೆಟ್ರೋಲಿನ ವಾಸನೆ ಬಂದಾಗಲೂ, ಗ್ಯಾಸಿನ ನಾತ ಬಂದಾಗಲೂ ಕೀಲಿ ತಿರುವಬಾರದು, ಬೆಂಕಿಕಡ್ಡಿ ಗೀರಿ ನೋಡಬಾರದು. ವಿದ್ಯುತ್ ಕಾರುಗಳಲ್ಲಿ ತಳದ ಬ್ಯಾಟರಿಯಿಂದ ವಿಚಿತ್ರವಾದ ವಾಸನೆಯೋ ಹೊಗೆಯೋ ಎದ್ದರೆ ದುರಸ್ತಿಯ ಯೋಚನೆಯನ್ನೇ ಬಿಟ್ಟು ದೂರ ಸರಿಯಬೇಕು.

ಹೊಗೆ ಕಂಡಮೇಲೆ ಕ್ರಮ ಬೇರೆ. ಮೊದಲು ಮಕ್ಕಳು ಮುದುಕರು, ಆಮೇಲೆ ಉಳಿದವರು, ಕೊನೆಗೂ ಸಾಮಾನಲ್ಲ. ವಾಹನಗಳು ಓಡಾಡುವ ಬದಿಗೆ ಇಳಿಯದೆ ಇನ್ನೊಂದು ಬದಿಗೆ ಇಳಿದು ಐವತ್ತು ಹೆಜ್ಜೆ ದೂರ ನಿಲ್ಲಬೇಕು. 112ಕ್ಕೆ ದೂರವಾಣಿ ಮಾಡಬೇಕು. ಬಾನೆಟನ್ನು ಪೂರ್ತಿ ಎತ್ತಿ ನೋಡುವ ಕುತೂಹಲ ಬೇಡ. ಒಳಗೆ ಉಸಿರುಗಟ್ಟಿದ್ದ ಬೆಂಕಿಗೆ ಗಾಳಿ ಸಿಕ್ಕಿ ಭುಗಿಲೇಳುತ್ತದೆ. ಒಣಪುಡಿಯ ಅಗ್ನಿಶಾಮಕವೊಂದನ್ನು ಚಾಲಕನ ಕೈಗೆ ಸಿಗುವಲ್ಲಿ ಇಟ್ಟುಕೊಂಡವರು ಬಾನೆಟಿನ ಸಂದಿಯಿಂದಲೋ ಚಕ್ರದ ಮೇಲಿನ ಸಂದಿಯಿಂದಲೋ ಅದನ್ನು ಸಿಂಪಡಿಸಬಹುದು. ಅದು ಡಿಕ್ಕಿಯಲ್ಲಿ, ಮದುವೆಯ ಗಂಟುಗಳ ಕೆಳಗೆ ಇದ್ದರೆ ಇಲ್ಲದಂತೆಯೇ ಸರಿ. ಎಣ್ಣೆಯ ಬೆಂಕಿಗೆ ನೀರು ಸುರಿಯಬಾರದೆಂಬುದನ್ನು ಅಡುಗೆಮನೆಯಿಂದಲೇ ಬಲ್ಲೆವು.

ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿರಿ. ವಾಸನೆ ಏನು ಸುಟ್ಟಂತಿತ್ತು. ಹೊರಟೊಡನೆ ಬಂತೋ, ಏರಿನಲ್ಲಿ ಬಂತೋ, ಇಳಿಜಾರಿನಲ್ಲೋ, ನಿಲ್ಲಿಸಿದ ಮೇಲೋ. ಆಗ ದೀಪ, ಹವಾನಿಯಂತ್ರಣ ಇವುಗಳಲ್ಲಿ ಯಾವುದು ನಡೆದಿತ್ತು. ಅದಕ್ಕೆ ಕೆಲವು ದಿನ ಮೊದಲು ಗಾಡಿಗೆ ಯಾರು ಏನು ಕೆಲಸ ಮಾಡಿದ್ದರು. ಈ ನಾಲ್ಕನೆಯದನ್ನು ಹೇಳಲು ನಾವು ಸಂಕೋಚಪಡುತ್ತೇವೆ. ಆದರೆ ಹೊಸದಾಗಿ ಹಾಕಿಸಿದ ಸ್ಪೀಕರು, ನಿನ್ನೆ ಬಿಚ್ಚಿ ಜೋಡಿಸಿದ ಪೈಪು ಇವೇ ಅನೇಕ ಸಲ ಮೂಲವಾಗಿರುತ್ತವೆ. ಚೀಟಿಯನ್ನು ಕೊಟ್ಟು ಗಾಡಿಯನ್ನು ಅಲ್ಲಿಯೇ ಬಿಟ್ಟು ಬರದೆ, ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾಸನೆ ಬಂದ ಸ್ಥಿತಿಯಲ್ಲಿಯೇ ಒಂದು ಸುತ್ತು ಓಡಿಸಿ ತೋರಿಸಬೇಕು. ತಂತಿಯ ವಾಸನೆ, ಕುಗ್ಗಿದ ಬ್ರೇಕು, ಪೆಟ್ರೋಲಿನ ಸೋರಿಕೆ ಈ ಮೂರಕ್ಕೆ ಮಾತ್ರ ಈ ಸುತ್ತು ಕೂಡದು. ಆಗ ಗಾಡಿ ನಿಂತಲ್ಲಿಗೇ ಮಿಸ್ತ್ರಿ ಬರಬೇಕು, ಇಲ್ಲವೆ ಗಾಡಿಯನ್ನು ಎಳೆದೊಯ್ಯುವ ವಾಹನ ಬರಬೇಕು.